ಅಂಬಾಸಿಡರ್ ಮಾರ್ಕ್ 2: ಹಿಂದಿನ ಎಡಗಡೆ ಸ್ಪ್ರಿಂಗ್ ಕೂತಿದೆ, ಪಟ್ಟಿ ಸೇರಿಸಲೋ ಸೆಟ್ಟೇ ಬದಲಿಸಲೋ?

ಕೊಪ್ಪದ ಅಂಬಿ:

ನಮ್ಮ ಮನೆಯಲ್ಲಿ 1972ರ ಅಂಬಾಸಿಡರ್ ಮಾರ್ಕ್ 2 ಇದೆ. ಶೆಡ್ಡಲ್ಲಿ ಮುಚ್ಚಿಟ್ಟ ಗಾಡಿಯಲ್ಲ, ನಾನೇ ಓಡಿಸ್ತೀನಿ. ಪೇಟೆಗೆ ಹೋಗಿಬರುತ್ತೆ, ಕೊಯ್ಲಿನ ಟೈಮಲ್ಲಿ ಡಿಕ್ಕಿ ತುಂಬ ಸಾಮಾನೂ ಹೊರುತ್ತೆ. ಈ ಮಳೆಗಾಲ ಕಳೆದ ಮೇಲೆ ನೋಡಿದರೆ ಹಿಂದೆ ಎಡಗಡೆ ಕೂತುಬಿಟ್ಟಿದೆ. ಅಡಿಕೆ ಒಣಗಿಸುವ ಸಮ ಅಂಗಳದಲ್ಲಿ ನಿಲ್ಲಿಸಿ ಟೇಪ್ ಹಿಡಿದೆ: ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಬಲಕ್ಕಿಂತ ಎಡಗಡೆ ಒಂದೂವರೆ ಇಂಚು ಕಮ್ಮಿ. ಹಿಂದೆ ಮೂರು ಜನ ಕೂತರೆ ಗುಂಡಿಯಲ್ಲಿ ಧಡ್ ಅಂತ ತಳ ಹೊಡೆಯುತ್ತೆ. ಕೆಳಗೆ ಬ್ಯಾಟರಿ ಹಾಕಿ ನೋಡಿದಾಗ ಎಡಗಡೆ ಸ್ಪ್ರಿಂಗ್ ಸೆಟ್ಟಿನ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು) ಮೂರನೇ ಪಟ್ಟಿ, ಸ್ಪ್ರಿಂಗನ್ನ ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಪಕ್ಕದಲ್ಲಿ ಬಿರುಕು ಬಿಟ್ಟಿದ್ದು ಕಂಡಿತು. ಬಿರುಕಿನ ಒಳಗೂ ತುಕ್ಕಿದೆ.

ಇಲ್ಲಿನ ಗ್ಯಾರೇಜಿನವರು "ಒಂದು ಪಟ್ಟಿ ಎಕ್ಸ್‌ಟ್ರಾ ಹಾಕಿ ಕಟ್ಟಿಕೊಡ್ತೀನಿ, ಮಧ್ಯಾಹ್ನದೊಳಗೆ ರೆಡಿ" ಅಂದರು. ಇನ್ನೊಬ್ಬರು ಬೆಂಗಳೂರಿನ ಜೆ.ಸಿ. ರೋಡಿಂದ ಹೊಸ ಸೆಟ್ಟೇ ತರಿಸಿ ಅಂತಾರೆ. ಯಾವುದು ಸರಿ? ಎಡಗಡೆ ಒಂದನ್ನೇ ಮಾಡಿಸಿದರೆ ಸಾಕಾ?

ಪದ್ಮಿನಿ ಮೈಸೂರು:

ಮೇಡಂ, ನನ್ನ ಪ್ರೀಮಿಯರ್ ಪದ್ಮಿನಿಗೂ ಹೀಗೇ ಆಗಿತ್ತು. ಒಂದೊಂದು ಪಟ್ಟಿ ಸೇರಿಸಿದರು, ಎತ್ತರ ಬಂತು. ಕುಲುಕಾಟ ಸ್ವಲ್ಪ ಜಾಸ್ತಿ, ಆದರೆ ಲೋಡ್ ತಡೆಯುತ್ತೆ. ಖರ್ಚೂ ಕಡಿಮೆ. ನಿಮ್ಮ ಕಡೆ ರಸ್ತೆಗೆ ಅದೇ ಸಾಕು ಅನ್ಸುತ್ತೆ.

ಕುಲುಮೆ ಶಿವಮೊಗ್ಗ:

ತಂಗಿ, ನಾನು ಲಾರಿ, ಕಾರುಗಳ ಸ್ಪ್ರಿಂಗ್ ಕೆಲಸದಲ್ಲೇ ಬದುಕು ಕಟ್ಟಿಕೊಂಡವನು. ದಯವಿಟ್ಟು ಎಕ್ಸ್‌ಟ್ರಾ ಪಟ್ಟಿ ಹಾಕಿಸಬೇಡಿ. ಹಾಗೆ ಹಾಕಿಸಿ ಎಷ್ಟೋ ಒಳ್ಳೇ ಅಂಬಿಗಳು ಎತ್ತಿನಗಾಡಿ ಥರ ಆಗಿಹೋಗಿವೆ.

ಕೂತ ಸ್ಪ್ರಿಂಗು ಮೆತ್ತಗಾಗಿದೆ ಅಂತ ಜನ ತಿಳ್ಕೊಳ್ತಾರೆ. ಅದು ಮೆತ್ತಗಾಗಿರಲ್ಲ. ಎಷ್ಟು ವರ್ಷ ಕಳೆದರೂ ಉಕ್ಕಿನ ಬಿಗುವು ಅಷ್ಟೇ ಇರುತ್ತೆ, ಹೋಗಿರೋದು ಕಮಾನು, ಅಂದರೆ ಪಟ್ಟಿಯ ಬಾಗು. ನೂರು ಕೆ.ಜಿ. ಹೇರಿದರೆ ಹೊಸದರಲ್ಲಿ ಎಷ್ಟು ಬಗ್ಗುತ್ತಿತ್ತೋ ಈಗಲೂ ಹೆಚ್ಚುಕಮ್ಮಿ ಅಷ್ಟೇ ಬಗ್ಗುತ್ತೆ, ಆದರೆ ಕೆಳಗಿಂದಲೇ ಶುರುವಾಗುತ್ತಲ್ಲ, ಅದಕ್ಕೇ ತಳ ಹೊಡೆಯೋದು. ಪಟ್ಟಿ ಸೇರಿಸಿದರೆ ಎತ್ತರದ ಜೊತೆಗೆ ಬಿಗುವೂ ಏರುತ್ತೆ. ಅದರಲ್ಲೂ ಅಂಗಡಿಯವನ ಕೈಗೆ ಸಿಕ್ಕಿದ್ದು ದಪ್ಪ ಪಟ್ಟಿ ಆಗಿದ್ದರೆ ಮುಗೀತು. ಪಟ್ಟಿಯ ಬಿಗುವು ಏರೋದು ದಪ್ಪದ ಘನದ ಲೆಕ್ಕದಲ್ಲಿ: 6 ಮಿ.ಮೀ. ಇರೋ ಕಡೆ 7 ಬಂದರೆ ಆ ಪಟ್ಟಿಯ ಬಿಗುವು ಒಂದೂವರೆ ಪಟ್ಟು ದಾಟುತ್ತೆ, 8 ಬಂದರೆ ಎರಡೂಕಾಲು ಪಟ್ಟೂ ದಾಟುತ್ತೆ. ಆ ಹೊಡೆತವೆಲ್ಲ ಬೀಳೋದು ಕಾರಿನ ಬಾಡಿ ಮೇಲೆ. ಅಂಬಿಗೆ ಲಾರಿ ಥರ ಬೇರೆ ಚಾಸಿ ಇಲ್ಲ, ಬಾಡಿಯೇ ಎಲ್ಲವನ್ನೂ ಹೊರಬೇಕು. ಮಲೆನಾಡಿನ ಮಳೆ ಕಂಡ ಗಾಡಿ ನಿಮ್ಮದು. ಸ್ಪ್ರಿಂಗಿಗಿಂತ ಮೊದಲು ಸ್ಪ್ರಿಂಗ್ ತೂಗುಹಾಕಿರೋ ಜಾಗವನ್ನ ಸ್ಕ್ರೂಡ್ರೈವರ್‌ನಿಂದ ತಿವಿದು ನೋಡಿ. ತಗಡು ಪುಡಿಯಾದರೆ ಮೊದಲ ಕೆಲಸ ಅಲ್ಲಿಯದು.

ಇನ್ನೊಂದು. ಒಂದೂವರೆ ಇಂಚು ಪೂರ್ತಿ ಹಿಂದಿನದೇ ಅಂತ ಹೇಗೆ ಗೊತ್ತು? ಅಂಬಿಗೆ ಮುಂದೆ ಇರೋದು ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡೋ ಉಕ್ಕಿನ ಸರಳು), ಅದೂ ಇಳಿಯುತ್ತೆ, ಇಳಿದರೆ ಹಿಂಭಾಗವನ್ನೂ ವಾಲಿಸುತ್ತೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಅಡ್ಡ ಮೆಂಬರಿನ (ಮುಂಚಕ್ರಗಳ ನಡುವಿನ ಅಡ್ಡ ತೊಲೆ) ಸರೀ ನಡುವೆ ಮರದ ತುಂಡಿಟ್ಟು ಟ್ರಾಲಿ ಜಾಕಿನಿಂದ ಎತ್ತಿ, ಎರಡೂ ಮುಂಚಕ್ರ ನೆಲ ಬಿಡಲಿ. ಈಗ ಮುಂಭಾಗದ ಭಾರವೆಲ್ಲ ಜಾಕಿನ ಒಂದೇ ಬಿಂದುವಿನ ಮೇಲಿದೆ, ಅದು ಗಾಡಿಯನ್ನ ವಾಲಿಸೋಕೆ ಆಗಲ್ಲ. ಹಿಂದೆ ಮತ್ತೆ ಟೇಪ್ ಹಿಡೀರಿ. ಉಳಿದ ವ್ಯತ್ಯಾಸ ಮಾತ್ರ ಹಿಂದಿನ ಸ್ಪ್ರಿಂಗಿನದು. ಗಾಡಿ ಹಾಗೆ ನಿಂತಿರುವಾಗ ಯಾರೂ ಕೆಳಗೆ ನುಗ್ಗಬಾರದು.

ಬಿರುಕು ಬಿಟ್ಟ ಪಟ್ಟಿಗೆ ವೆಲ್ಡಿಂಗ್ ಮಾಡಿಸೋ ಮಾತೇ ಬೇಡ. ಸ್ಪ್ರಿಂಗ್ ಉಕ್ಕಲ್ಲಿ ಇಂಗಾಲ ಶೇಕಡಾ ಅರ್ಧದಷ್ಟಿರುತ್ತೆ, ವೆಲ್ಡಿನ ಪಕ್ಕದಲ್ಲೇ ಮತ್ತೆ ಸೀಳುತ್ತೆ. ಅದೇ ಅಗಲ, ಅದೇ ದಪ್ಪದ ಪಟ್ಟಿ ಬದಲಿಗೆ ಹಾಕಿಸಿ.

ಕೊಪ್ಪದ ಅಂಬಿ:

ಅಣ್ಣಾ, ನೀವು ಹೇಳಿದ ಹಾಗೇ ಮಾಡಿದೆ. ಮುಂದೆ ಎತ್ತಿದ ಮೇಲೆ ಹಿಂದಿನ ವ್ಯತ್ಯಾಸ ಒಂದೂವರೆಯಿಂದ ಮುಕ್ಕಾಲು ಇಂಚಿಗೆ ಇಳೀತು! ಹಾಗಾದರೆ ಮುಂದಿನದೂ ಇಳಿದಿದೆ ಅಂತಾಯ್ತಲ್ಲ? ತೂಗುಹಾಕಿರೋ ಜಾಗ ಗಟ್ಟಿಯಾಗಿದೆ. ಪಕ್ಕದ ಊರಲ್ಲಿ ಕತ್ತಿ, ಗುದ್ದಲಿ ಮಾಡುವ ಆಚಾರ್ರು ಲಾರಿ ಪಟ್ಟಿಯಿಂದಲೇ ಕತ್ತಿ ಹೊಡೀತಾರೆ. ಅವರ ಹತ್ತಿರ ಕಮಾನು ಏರಿಸಬಹುದಾ?

ಜೆ.ಸಿ. ರೋಡ್ ಹತ್ತಿರದವ:

ಹೊಸ ಸೆಟ್ ತರಿಸೋದಾದರೆ ಒಂದು ಮಾತು. ಅಂಬಾಸಿಡರ್ ತಯಾರಿಕೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ನಿಂತಿದ್ದು 2014ರಲ್ಲಷ್ಟೇ, ಹಾಗಾಗಿ ಮಾಲು ಇನ್ನೂ ಸಿಗುತ್ತೆ. ಆದರೆ ಟ್ಯಾಕ್ಸಿ ಲೋಡಿಗೆ ಅಂತ ಕಟ್ಟಿದ್ದನ್ನೂ "ಅಂಬಿ ಸೆಟ್" ಅಂತಲೇ ಕೊಡ್ತಾರೆ. ಫೋನಲ್ಲಿ ಆರ್ಡರ್ ಮಾಡಬೇಡಿ. ಹಳೇದನ್ನ ಇಳಿಸಿ ಪಟ್ಟಿ ಎಣಿಸಿ, ಪ್ರತಿಯೊಂದರ ದಪ್ಪವನ್ನ ವರ್ನಿಯರ್‌ನಲ್ಲಿ ಅಳೆದು ಬರೆದುಕೊಂಡು, ಸಾಧ್ಯವಾದರೆ ಒಂದು ಸೆಟ್ಟನ್ನೇ ಹೊತ್ತುಕೊಂಡು ಬನ್ನಿ. ಕಣ್ಣಿನಿಂದ ಕಣ್ಣಿಗೆ (ಸ್ಪ್ರಿಂಗಿನ ತುದಿಯ ಸುರುಳಿ ತೂತುಗಳ ನಡುವೆ) ಉದ್ದ, ಆ ಕಣ್ಣೊಳಗಿನ ರಬ್ಬರ್ ಬುಶ್‌ನ ಅಳತೆ, ಪಟ್ಟಿಗಳನ್ನ ನಡುವೆ ಸೇರಿಸಿ ಹಿಡಿಯುವ ಸೆಂಟರ್ ಬೋಲ್ಟಿನ ತಲೆ, ಮೂರೂ ಹೊಂದಬೇಕು.

ಕುಲುಮೆ ಶಿವಮೊಗ್ಗ:

ಹೌದು ತಂಗಿ, ಮುಂದಿನ ಎಡಗಡೆಯದೂ ಇಳಿದಿದೆ. ಆದರೆ ಮೊದಲು ಹಿಂದಿನದು ಮುಗಿಸಿ. ಹಿಂದೆ ಸೊಟ್ಟ ಇರುವಾಗ ಮುಂದೆ ಅಡ್ಜಸ್ಟ್ ಮಾಡಿದರೆ ಆ ಅಳತೆ ಮತ್ತೆ ಕೆಡುತ್ತೆ.

ಆಚಾರ್ರ ಕೈಚಳಕದ ಬಗ್ಗೆ ನನಗೆ ದೊಡ್ಡ ಗೌರವ. ಆ ಉಕ್ಕು ಅವರಿಗೆ ಗೊತ್ತಿರೋ ಉಕ್ಕೇ. ಆದರೆ ಕತ್ತಿಗೆ ಬಾಯಿ ಮಾತ್ರ ಹದವಾದರೆ ಸಾಕು, ಸ್ಪ್ರಿಂಗಿಗೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಹದ ಬೇಕು. ಮೂರು-ನಾಲ್ಕು ಅಡಿ ಪಟ್ಟಿಯನ್ನ ಸಣ್ಣ ಕುಲುಮೆಯಲ್ಲಿ ಒಂದೇ ಸಮ ಕಾಯಿಸೋಕಾಗಲ್ಲ. ಪೂರಾ ಪಟ್ಟಿ 850 ಡಿಗ್ರಿ ದಾಟಿ ಕಾಯಬೇಕು, ಕಮಾನಿಗೆ ಬಗ್ಗಿಸಿ ಎಣ್ಣೆಯಲ್ಲಿ ಅದ್ದಬೇಕು, ಆಮೇಲೆ 400-500 ಡಿಗ್ರಿಯಲ್ಲಿ ಟೆಂಪರ್ ಮಾಡಬೇಕು, ಅಂದರೆ ಮತ್ತೆ ಕಾಯಿಸಿ ಪೆಡಸು ಇಳಿಸಬೇಕು. ಟೆಂಪರ್ ಬಿಟ್ಟರೆ ಮೊದಲ ಗುಂಡಿಗೇ ತಟಕ್ಕನೆ ಮುರಿಯುತ್ತೆ. ಫರ್ನೇಸ್ ಇರೋ ಲಾರಿ ಸ್ಪ್ರಿಂಗ್ ಅಂಗಡಿಗೇ ಕೊಡಿ. ತಣ್ಣಗಿರುವಾಗಲೇ ಸುತ್ತಿಗೆಯಲ್ಲಿ ಬಡಿದು ಕಮಾನು ತರೋರೂ ಇದ್ದಾರೆ, ಎತ್ತರ ಅವತ್ತೇ ಬರುತ್ತೆ, ಮುಂದಿನ ಮಳೆಗಾಲಕ್ಕೆ ಮತ್ತೆ ಕೂರುತ್ತೆ. ಎಡ ಬಲ ಎರಡನ್ನೂ ಒಟ್ಟಿಗೇ ಮಾಡಿಸಿ. ಬಲಗಡೆಯದೂ ಅದೇ ವಯಸ್ಸಿನದು, ಕಮ್ಮಿ ಕೂತಿದೆ ಅಷ್ಟೇ. ಅತಿಯಾಸೆಗೆ ಕಮಾನು ಹೆಚ್ಚೂ ಏರಿಸಬಾರದು: ಸ್ಪ್ರಿಂಗಿನ ಉದ್ದ ಕುಗ್ಗಿ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನ ಹಿಡಿದಿರೋ ಆಡುವ ಕೊಂಡಿ) ಒಂದು ಕಡೆಗೆ ಎಳ್ಕೊಳ್ಳುತ್ತೆ, ಆಮೇಲೆ ಅದು ಆಡೋದೇ ಇಲ್ಲ.

ಬಿಚ್ಚುವಾಗ ಕಾರಿನ ಬಾಡಿ ಕೆಳಗೆ ಸ್ಟ್ಯಾಂಡ್, ಆಕ್ಸಲ್ ಕೆಳಗೆ ಬೇರೆ ಜಾಕ್. ಸೆಂಟರ್ ಬೋಲ್ಟ್ ಸಡಿಲಿಸೋಕೆ ಮುಂಚೆ ಇಡೀ ಕಟ್ಟನ್ನ ವೈಸಲ್ಲಿ ಹಿಡಿಸಿ, ಇಲ್ಲದಿದ್ದರೆ ಪಟ್ಟಿಗಳು ಚಿಮ್ಮುತ್ತವೆ. ಪಟ್ಟಿಗಳ ನಡುವಿನ ತುಕ್ಕು ಪೂರ್ತಿ ಉಜ್ಜಿ ತೆಗೆಸಿ, ಗ್ರಾಫೈಟ್ ಗ್ರೀಸ್ ತೆಳ್ಳಗೆ ಸವರಿಸಿ. ಬುಶ್‌ಗೆ ಮಾತ್ರ ಗ್ರೀಸ್ ಸೋಕಬಾರದು. ಮಳೆಗಾಲಕ್ಕೆ ಮುಂಚೆ ಗಾಡಿ ಅಡಿಗೆ ಡೀಸೆಲ್ ಬೆರೆಸಿದ ಹಳೇ ಆಯಿಲ್ ಹೊಡೆಸುವ ರೂಢಿ ನಮ್ಮ ಕಡೆ ಇದೆಯಲ್ಲ, ರಬ್ಬರ್ ಬುಶ್ ಉಬ್ಬಿ ಹಾಳಾಗೋದು ಅದರಿಂದಲೇ. ಹೊಸ ಬುಶ್ ಹಾಕಿದ ಮೇಲೆ ಸ್ಪ್ರಿಂಗ್ ಕಣ್ಣಿನ ಬೋಲ್ಟ್, ಶ್ಯಾಕಲ್ ನಟ್ಟುಗಳನ್ನ ಕೈಬಿಗಿಯಷ್ಟೇ ಮಾಡಿ ಗಾಡಿ ಇಳಿಸಿ, ಚಕ್ರದ ಮೇಲೆ ತೂಕ ಬಿದ್ದ ಮೇಲೆ ಪೂರ್ತಿ ಬಿಗಿಯಿರಿ. ಜಾಕಿನ ಮೇಲಿರುವಾಗಲೇ ಬಿಗಿದರೆ ಗಾಡಿ ಇಳಿದ ಕ್ಷಣವೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತೆ, ಬೇಗ ಹರಿಯುತ್ತೆ.

ಯು-ಬೋಲ್ಟ್ ಹಳೇದು ಬೇಡ, ನಾಲ್ಕೂ ಹೊಸದೇ ಹಾಕಿ. ನಿಮ್ಮ ಪಟ್ಟಿ ಸೀಳಿದ್ದೂ ಯು-ಬೋಲ್ಟ್ ಪಕ್ಕದಲ್ಲೇ ಅಲ್ವಾ, ಅವು ಸಡಿಲಾಗಿದ್ದವಾ ಅಂತ ಬಿಚ್ಚುವಾಗಲೇ ಸ್ಪ್ಯಾನರ್ ಹಾಕಿ ನೋಡಿ. 200-300 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿಸಿ. ಮುಂದಿನ ಟಾರ್ಶನ್ ಬಾರ್ ವಿಷಯ ಅದಾದ ಮೇಲೆ ಕೇಳಿ, ಎರಡೂ ಕಡೆ ಅಳತೆ ಬರೆದು ಹಾಕಿ.