ಪುಟ್ಟಿ ಲ್ಯಾಪ್‌ಟಾಪ್ ಹಳದಿ ಆಗಿದ್ದಕ್ಕೆ ಅವಳನ್ನು ಬೈಯಬೇಡಿ

ಅಕ್ಕಾ, ಇಲ್ಲಿ ಮಿಷಿನ್ ಸದ್ದಿನಲ್ಲಿ ವಾಯ್ಸ್ ಮೆಸೇಜ್ ಹಾಕಿದರೆ ನಿನಗೆ ಅರ್ಧವೂ ಕೇಳಿಸುವುದಿಲ್ಲ, ಅದಕ್ಕೆ ಮಾತಾಡಿದ ಹಾಗೇ ಬರೆದು ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಟೀ ಹಿಡಿದುಕೊಂಡು ಕೂತು ಓದು, ಭಾವನಿಗೂ ಓದಿ ಹೇಳು.

ಮೊದಲನೇ ಮಾತು, ನಿನ್ನ ಮಗಳ ಲ್ಯಾಪ್‌ಟಾಪಿನ ಆ ಹಳದಿ ಕಲೆಯನ್ನು ಯಾರೂ ಉಜ್ಜಬೇಡಿ. ನಿನ್ನೆ ರಾತ್ರಿಯಿಂದ ನಮ್ಮ ಮನೆಯವರ ಗ್ರೂಪಿನಲ್ಲಿ ಬಂದಿರುವ ಉಪಾಯಗಳನ್ನೆಲ್ಲ ಓದಿದೆ. ಟೂತ್‌ಪೇಸ್ಟ್ ಹಚ್ಚಿ, ನೇಲ್ ಪಾಲಿಶ್ ರಿಮೂವರ್ ಹಾಕಿ, ಬ್ಲೀಚ್ ಥರದ ಪೆರಾಕ್ಸೈಡ್ ಬಳಿದು ಬಿಸಿಲಲ್ಲಿಡಿ. ಎಲ್ಲರೂ ಒಳ್ಳೇ ಮನಸ್ಸಿನಿಂದಲೇ ಹೇಳಿದ್ದೀರಿ, ಗೊತ್ತು. ಆದರೆ ತಗೊಂಡು ಏಳು ವಾರ ಆಗಿರುವ ಬಿಳಿ ಲ್ಯಾಪ್‌ಟಾಪು, ಕೈ ಇಡುವ ಜಾಗ ಹಳದಿ ಆಗಿದೆ, ಸರ್ವೀಸ್ ಸೆಂಟರ್‌ನವರು ನೋಡಿ "ಇದು ಬರೀ ಮೇಲ್ನೋಟದ್ದು, ವಾರಂಟಿಗೆ ಬರಲ್ಲ" ಅಂತ ಬಾಯಲ್ಲೇ ಹೇಳಿ ಕಳಿಸಿದ್ದಾರೆ. ಈಗ ನೀವು ಉಜ್ಜಿ ಒಂದು ಗೀರು ಬಿದ್ದರೆ ಸಾಕು, ನಾಳೆ "ನೀವೇ ಹಾಳು ಮಾಡಿದ್ದೀರಿ" ಅನ್ನುತ್ತಾರೆ. ಆಮೇಲೆ ನಮ್ಮ ಹತ್ತಿರ ಏನೂ ಉಳಿಯುವುದಿಲ್ಲ.

ಎರಡನೇದು, ಪುಟ್ಟಿ ಬಗ್ಗೆ. ಕೈ ತೊಳೆಯದೆ ಮುಟ್ಟುತ್ತಾಳೆ, ಅದಕ್ಕೇ ಹೀಗಾಯಿತು ಅಂತ ಮೂರು ಜನ ಬರೆದಿದ್ದೀರಿ. ಆ ಮಗು ಆಮೇಲೆ ಗ್ರೂಪಿನಲ್ಲಿ ಒಂದು ಮಾತೂ ಆಡಿಲ್ಲ. ನನಗೆ ತುಂಬಾ ಬೇಜಾರಾಯಿತು. ಕೈ ಇಡುವುದಕ್ಕೆ ಅಂತಲೇ ಮಾಡಿರುವ ಜಾಗ ಅದು. ಅಲ್ಲಿ ಕೈ ಇಟ್ಟಿದ್ದು ತಪ್ಪು ಹೇಗಾಗುತ್ತದೆ?

ನಾನು ಪೀಣ್ಯದಲ್ಲಿ ಪ್ಲಾಸ್ಟಿಕ್ ಕರಗಿಸಿ ಅಚ್ಚು ಹೊಡೆಯುವ ಮೋಲ್ಡಿಂಗ್ ಮಿಷಿನ್ ಮುಂದೆ ನಿಂತು 19 ವರ್ಷ ಆಯಿತು. ಲ್ಯಾಪ್‌ಟಾಪ್ ಮಾಡಿಲ್ಲ, ಆದರೆ ಬಿಳಿ ಎಬಿಎಸ್ ಪ್ಲಾಸ್ಟಿಕ್ ಜೊತೆ ದಿನಾ ಏಗುತ್ತೇನೆ. ಲ್ಯಾಪ್‌ಟಾಪ್ ಮೈಗೂ ಹೆಚ್ಚಾಗಿ ಅದನ್ನೋ, ಅದರ ಜೊತೆ ಪಾಲಿಕಾರ್ಬೊನೇಟ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಬೆರೆಸಿದ್ದನ್ನೋ ಹಾಕುತ್ತಾರೆ. ಈ ಎಬಿಎಸ್ ಹುಟ್ಟಿನಲ್ಲೇ ಬಿಳಿ ಅಲ್ಲ, ಕೆನೆ ಬಣ್ಣ. ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿ ಸೇರಿಸಿ ಬಿಳಿ ಮಾಡುತ್ತಾರೆ, ಅದರ ಮೇಲೆ ಚೂರು ನೀಲಿ ಬಣ್ಣ ಹಾಕುತ್ತಾರೆ. ಅಜ್ಜ ಪಂಚೆಗೆ ನೀಲಿ ಹಾಕಿಸುತ್ತಿದ್ದರಲ್ವಾ, ಅದೇ ಲೆಕ್ಕ. ದಾಣಾ, ಅಂದರೆ ಪ್ಲಾಸ್ಟಿಕ್ ಕಾಳು, ಮಿಷಿನ್ ಮೇಲಿನ ಹಾಪರ್ ಡಬ್ಬದಲ್ಲಿ 80 ಡಿಗ್ರಿಯಲ್ಲಿ ಎರಡರಿಂದ ನಾಲ್ಕು ಗಂಟೆ ಒಣಗಬೇಕು. ಯಾರಾದರೂ ಮರೆತು ರಾತ್ರಿಯೆಲ್ಲ ಬಿಟ್ಟರೆ ಬೆಳಿಗ್ಗೆ ಬರುವ ಪೀಸು ಹಳೇ ಪೇಪರ್ ಥರ ಕಾಣುತ್ತದೆ. ಕಾಳು ಕರಗಿಸುವ ಬ್ಯಾರಲ್ ಕೊಳವೆಯಲ್ಲಿ ಕರಗಿದ ಮಾಲು ಜಾಸ್ತಿ ಹೊತ್ತು ನಿಂತರೂ ಹಾಗೇ. ಅದಕ್ಕೆ ನಾವು ಮೊದಲ ಹತ್ತು ಹದಿನೈದು ಪೀಸು ಬಿಸಾಕಿ, ಆಮೇಲೆ ಬಂದದ್ದನ್ನು ಕಿಟಕಿ ಹತ್ತಿರ ಒಪ್ಪಿಗೆಯಾದ ಸ್ಯಾಂಪಲ್ ಪಕ್ಕ ಹಿಡಿದು ನೋಡುತ್ತೇವೆ. ಟ್ಯೂಬ್‌ಲೈಟಿನಲ್ಲಿ ನೋಡಿದರೆ ಮೋಸ ಹೋಗುತ್ತೇವೆ. ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ ಬಿಳಿ ಪ್ಲಾಸ್ಟಿಕ್ಕು ಹಳದಿ ಆಗುವುದಕ್ಕೆ ಕಾರಣ ಹತ್ತಾರು ಇವೆ, ಅದರಲ್ಲಿ ಸುಮಾರು ಕಾರಣ ನಮ್ಮ ಕೈ ಸೇರುವ ಮುಂಚೆಯೇ ಒಳಗೆ ಕೂತಿರುತ್ತವೆ.

ಈಗ ನೀನು ಹಾಕಿದ ಫೋಟೋಗೆ ಬರುತ್ತೇನೆ. ದೊಡ್ಡದು ಮಾಡಿ ಚೆನ್ನಾಗಿ ನೋಡಿದೆ. ಟಚ್‌ಪ್ಯಾಡ್‌ನ ಎರಡೂ ಕಡೆ ಅರ್ಧ ಚಂದ್ರದ ಥರ ಕಲೆ ಇದೆ, ಬಲಗಡೆಯದು ಸ್ವಲ್ಪ ಗಾಢ. ಎಡಗಡೆ ಕಂಪನಿ ಸ್ಟಿಕ್ಕರ್ ಕಿತ್ತ ಜಾಗ ಮಾತ್ರ ಅಚ್ಚ ಬಿಳಿ ಚೌಕ. ಆ ಚೌಕ ನೋಡಿದೆಯಾ? ಅದೇ ನಮಗೆ ಎಲ್ಲ ಹೇಳುತ್ತದೆ. ಬಿಸಿಯಿಂದ ಆಗಿದ್ದರೆ ಸ್ಟಿಕ್ಕರ್ ಅಡಿಯೂ ಹಳದಿ ಆಗಬೇಕಿತ್ತು, ಬಿಸಿ ಒಳಗಿನಿಂದ ಬರುತ್ತದೆ ತಾನೆ. ಬೆಳಕಿನಿಂದ ಆಗಿದ್ದರೆ ಮೇಲಿನ ಮುಚ್ಚಳವೂ, ಕೀಗಳ ಸುತ್ತಲೂ ಒಂದೇ ಸಮ ಮಾಸಬೇಕಿತ್ತು. ಅಲ್ಲೆಲ್ಲ ಬಿಳಿ ಹಾಗೇ ಇದೆ. ಅಂಗೈ ಮುಟ್ಟಿದ ಕಡೆ ಮಾತ್ರ ಬಣ್ಣ ತಿರುಗಿದೆ. ಹಾಗಾದರೆ ಬೆವರು, ಕೈಯ ಎಣ್ಣೆ ಅಂಶ, ಇಲ್ಲ ಕೈಗೆ ಹಚ್ಚಿದ ಯಾವುದೋ ಕ್ರೀಮು ಮೇಲಿನ ಪದರಕ್ಕೆ ಇಳಿದಿದೆ. ಎಲ್ಲರ ಕೈಯೂ ಬೆವರುತ್ತದೆ. ಅದನ್ನು ತಡೆಯದ ಪ್ಲಾಸ್ಟಿಕ್ಕನ್ನೋ ಕೋಟಿಂಗನ್ನೋ ಆ ಜಾಗಕ್ಕೆ ಹಾಕಿದ್ದರೆ ಅದು ಮಾಡಿದವರ ತಪ್ಪು.

ಹೀಗಾಗಿರುವುದು ಇದೇ ಮೊದಲಲ್ಲ. 2006ರ ಮೇ ತಿಂಗಳಲ್ಲಿ ಆಪಲ್ ಕಂಪನಿ ಬಿಳಿ ಮ್ಯಾಕ್‌ಬುಕ್ ಬಿಟ್ಟಿತು. ಸ್ವಲ್ಪ ದಿನಕ್ಕೇ ಜನ ದೂರು ಹೇಳತೊಡಗಿದರು, ಇದೇ ಥರ, ಕೈ ಇಡುವ ಜಾಗದಲ್ಲಿ ಹಳದಿ ಕಲೆ. ಕೆಲವು ಮ್ಯಾಕ್‌ಬುಕ್‌ಗಳಲ್ಲಿ ಬಣ್ಣ ತಿರುಗುತ್ತಿದೆ, ಆದವರು ನಮ್ಮನ್ನು ಸಂಪರ್ಕಿಸಿ ಅಂತ ಆಪಲ್ ತಾನೇ ಹೇಳಿತು, ಮೇಲಿನ ಕೇಸ್, ಅಂದರೆ ಕೀಗಳ ಸುತ್ತಲಿನ, ಕೈ ಇಡುವ ಭಾಗ, ಬದಲಿಸಿಕೊಟ್ಟಿತು. ಅಷ್ಟು ದೊಡ್ಡ ಕಂಪನಿ ಒಪ್ಪಿಕೊಂಡ ವಿಷಯವನ್ನು ನಮ್ಮೂರ ಕೌಂಟರಿನಲ್ಲಿ "ಹೀಗೆಲ್ಲ ಆಗೋದೇ ಇಲ್ಲ, ನಿಮ್ಮ ಮಗಳ ಕೈಯದ್ದು" ಅಂದರೆ ಸುಮ್ನೆ ಎದ್ದು ಬರಬೇಕಾ?

ಪುಟ್ಟಿ, ನಿನಗೆ ಒಂದು ಪ್ರಶ್ನೆ, ಬೈಯುವುದಕ್ಕೆ ಕೇಳುತ್ತಿಲ್ಲ ಕಂದಾ. ಹಾಸ್ಟೆಲ್‌ನಲ್ಲಿ ಸೊಳ್ಳೆ ಕ್ರೀಮು ಹಚ್ಚಿಕೊಂಡು ಟೈಪ್ ಮಾಡುತ್ತೀಯಾ? ಸನ್‌ಸ್ಕ್ರೀನ್? ಕೆಲವು ಸೊಳ್ಳೆ ಕ್ರೀಮಿನಲ್ಲಿ ಡೀಟ್ ಅಂತ ಒಂದು ಇರುತ್ತದೆ, ಅದು ಕೆಲವು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಹಾಗಾಗಿದ್ದರೆ ಕಲೆ ಇರುವ ಕಡೆ ಬೆರಳಾಡಿಸಿದರೆ ಅಂಟಂಟಾಗಿರುತ್ತದೆ, ಇಲ್ಲ ಮೊದಲಿದ್ದ ತರಿತರಿ ಹೋಗಿ ನುಣ್ಣಗಾಗಿರುತ್ತದೆ. ಕಣ್ಣು ಮುಚ್ಚಿಕೊಂಡು ಮುಟ್ಟಿ ನೋಡು. ಬಿಳಿ ಜಾಗಕ್ಕೂ ಹಳದಿ ಜಾಗಕ್ಕೂ ವ್ಯತ್ಯಾಸ ಗೊತ್ತಾಗದೆ ಇದ್ದರೆ ಕ್ರೀಮಿನ ಕೆಲಸ ಇರಲಿಕ್ಕಿಲ್ಲ. ಹಚ್ಚಿಕೊಂಡಿದ್ದರೆ ಇದ್ದದ್ದು ಇದ್ದ ಹಾಗೆ ಹೇಳು, ಆಗ ಬೇರೆ ದಾರಿ ನೋಡೋಣ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ, ಇದನ್ನು ಇವತ್ತೇ ನೋಡಿ. ಎಷ್ಟೋ ಲ್ಯಾಪ್‌ಟಾಪ್‌ನಲ್ಲಿ ಆ ಜಾಗದ ಅಡಿಯಲ್ಲೇ ಬ್ಯಾಟರಿ ಇರುತ್ತದೆ. ಲ್ಯಾಪ್‌ಟಾಪನ್ನು ಮಟ್ಟವಾದ ಮೇಜಿನ ಮೇಲಿಡಿ. ಅಲ್ಲಾಡುತ್ತದಾ, ಟಚ್‌ಪ್ಯಾಡ್ ಮೇಲೆದ್ದಿದೆಯಾ, ಒತ್ತಿದರೆ ಕ್ಲಿಕ್ ಗಟ್ಟಿಯಾಗಿದೆಯಾ, ಅಂಚಿನಲ್ಲಿ ಸಂದು ಬಿಟ್ಟಿದೆಯಾ ನೋಡಿ. ಇದರಲ್ಲಿ ಒಂದಿದ್ದರೂ ಬ್ಯಾಟರಿ ಊದಿರಬಹುದು. ಆಗ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ, ಮೇಲೆ ಒತ್ತಬೇಡಿ, ಸೀದಾ ಸರ್ವೀಸಿಗೆ ತಗೊಂಡು ಹೋಗಿ. ಚಾರ್ಜರ್ ಸಿಕ್ಕಿಸುವ ತೂತಿನ ಸುತ್ತ ಕಂದು ಬಣ್ಣ ಬಂದಿದ್ದರೂ ಅಷ್ಟೇ, ಅದು ಸುಟ್ಟ ಗುರುತು.

ಇನ್ನು ನಿಮ್ಮ ಉಪಾಯಗಳು. ನೇಲ್ ಪಾಲಿಶ್ ರಿಮೂವರ್‌ನಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ. ಎಬಿಎಸ್ ಪೀಸು ಮುರಿದರೆ ನಾವು ಅದೇ ಪ್ಲಾಸ್ಟಿಕ್ ಚೂರನ್ನು ಅಸಿಟೋನ್‌ನಲ್ಲಿ ಕರಗಿಸಿ ಗೋಂದು ಮಾಡಿ ಅಂಟಿಸುತ್ತೇವೆ. ಅದರ ಒಂದು ಹನಿ ಬಿದ್ದ ಜಾಗಕ್ಕೆ ಬೆರಳಿಟ್ಟರೆ ಬೆರಳಚ್ಚು ಹಾಗೇ ಉಳಿಯುತ್ತದೆ. ಮನೆಯಿಂದಲೇ ದೂರ ಇಡಿ ಅನ್ನುವುದಿಲ್ಲ, ಲ್ಯಾಪ್‌ಟಾಪಿನಿಂದ ದೂರ ಇಡಿ. ಟೂತ್‌ಪೇಸ್ಟ್ ಅಂದರೆ ಸಣ್ಣ ಮರಳಿದ್ದ ಹಾಗೆ, ತರಿತರಿ ಸವೆದು ಅಲ್ಲಿ ಹೊಳಪು ಬರುತ್ತದೆ. ಆ ಹೊಳಪು ಮತ್ತೆ ಹೋಗುವುದಿಲ್ಲ.

ದೊಡ್ಡಮ್ಮ ಹೇಳಿದ ಬಿಸಿಲಿನ ಮಾತು ಸುಳ್ಳಲ್ಲ. ಬಿಳಿ ಡಬ್ಬಿಗೆ ಸಾರಿನ ಅರಿಶಿನ ಹಿಡಿದಾಗ ಎರಡು ದಿನ ಬಿಸಿಲಲ್ಲಿಟ್ಟರೆ ಹೋಗುತ್ತದೆ, ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಬೀರುವಿನಲ್ಲಿ ಪ್ಲಾಸ್ಟಿಕ್ ಕವರ್ ಒಳಗಿಟ್ಟ ಬಿಳಿ ಪಂಚೆ ಹಳದಿ ಆಗಿದ್ದು ನೆನಪಿದೆಯಾ? ಆ ಕವರಿಗೆ ಹಾಕುವ ಬಿಎಚ್‌ಟಿ ಅನ್ನುವ ಒಂದು ವಸ್ತು ಹೊಗೆ, ಗಾಳಿಯ ಜೊತೆ ಸೇರಿ ಹೀಗೆ ಮಾಡಿಬಿಡುತ್ತದೆ, ಅದೂ ಎಷ್ಟೋ ಸಲ ಬಿಸಿಲಿಗೆ ಹೋಗುತ್ತದೆ. ಆದರೆ ಡಬ್ಬಿಗೆ, ಪಂಚೆಗೆ ಬ್ಯಾಟರಿ ಇಲ್ಲ ದೊಡ್ಡಮ್ಮ. ದಾವಣಗೆರೆ ಬಿಸಿಲಲ್ಲಿ ಲ್ಯಾಪ್‌ಟಾಪ್ ಇಟ್ಟರೆ ಬ್ಯಾಟರಿ, ಸ್ಕ್ರೀನ್ ಎರಡೂ ಹಾಳು. ಪೆರಾಕ್ಸೈಡ್ ಉಪಾಯವೂ ನಿಜದ್ದೇ, 1980ರ ಕಾಲದ ಹಳೇ ಕಂಪ್ಯೂಟರುಗಳ ಹಳದಿ ತೆಗೆಯುವುದಕ್ಕೆ 2008ರಿಂದ ಈಚೆಗೆ ಜನ ಮಾಡುತ್ತಿದ್ದಾರೆ. ಅವರು ಒಳಗಿನದ್ದೆಲ್ಲ ಬಿಚ್ಚಿ ಬರೀ ಡಬ್ಬಿಗೆ ಹಚ್ಚುತ್ತಾರೆ, ಹಾಗೆ ಮಾಡಿದರೂ ಎಷ್ಟೋ ಸಲ ಹಳದಿ ವಾಪಸ್ ಬರುತ್ತದೆ, ಕೆಲವೊಮ್ಮೆ ಪಟ್ಟೆ ಪಟ್ಟೆ ಆಗುತ್ತದೆ. ವಾರಂಟಿ ಇರುವ ಯಂತ್ರಕ್ಕೆ ಅದು ಬೇಡ.

ಹಾಗಾದರೆ ಏನು ಮಾಡಬೇಕು? ಭಾವ, ಇದು ನಿಮಗೆ. ಬೆಳಿಗ್ಗೆ ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ನಾಲ್ಕೈದು ಫೋಟೋ ತೆಗೆಯಿರಿ. ಬಿಳಿ ಹಾಳೆ ಇದ್ದರೆ ಫೋನ್ ಬಣ್ಣ ಬದಲಿಸಿದೆ ಅಂತ ಯಾರೂ ಹೇಳಲಾರರು. ಸ್ಟಿಕ್ಕರ್ ಚೌಕ ಚೆನ್ನಾಗಿ ಕಾಣಬೇಕು. ತಳದ ಸೀರಿಯಲ್ ನಂಬರ್, ಬಿಲ್ಲು, ಎರಡರ ಫೋಟೋನೂ ಬೇಕು. ಅದೆಲ್ಲ ಆದ ಮೇಲೆ ಆಫ್ ಮಾಡಿ, ಚಾರ್ಜರ್ ಕಿತ್ತು, ಹಳೇ ಹತ್ತಿ ಬಟ್ಟೆಯನ್ನು ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ಅದ್ದಿ, ಗಟ್ಟಿಯಾಗಿ ಹಿಂಡಿ, ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಮೆಲ್ಲಗೆ ಒರೆಸಿ. ಬಟ್ಟೆಗೆ ಹಳದಿ ಬಂದು ಅಲ್ಲಿ ಬಿಳಿ ಆದರೆ ಬರೀ ಕೊಳೆ, ಎಲ್ಲವನ್ನೂ ಹಾಗೇ ಒರೆಸಿಬಿಡಿ, ವಿಷಯ ಮುಗಿಯಿತು. ಏನೂ ಬರದಿದ್ದರೆ ಪ್ಲಾಸ್ಟಿಕ್ಕೇ ಬಣ್ಣ ತಿರುಗಿದೆ. ಅದನ್ನೂ ಬರೆದಿಟ್ಟುಕೊಳ್ಳಿ, ತಾರೀಕು ಸಮೇತ.

ಆಮೇಲೆ ಸರ್ವೀಸ್ ಸೆಂಟರ್‌ಗೆ ಇನ್ನೊಂದು ಸಲ ಹೋಗಿ ಜಾಬ್ ಶೀಟ್, ಅಂದರೆ ದೂರು ದಾಖಲಿಸಿದ ಚೀಟಿ, ಕೇಳಿ. ಬಾಯಿ ಮಾತು ಬೇಡ, ವಾರಂಟಿಗೆ ಬರಲ್ಲ ಅಂದರೆ ಯಾಕೆ ಬರಲ್ಲ ಅಂತ ಅದರಲ್ಲೇ ಬರೆದು ಸೀಲ್ ಹಾಕಿಕೊಡಲಿ. ಕಂಪನಿಗೂ, ಬಿಲ್ ಕೊಟ್ಟ ಅಂಗಡಿಗೂ ಮೇಲ್ ಹಾಕಿ. ಹೀಗೆ ಬರೆಯಿರಿ: "ತಗೊಂಡು ಏಳು ವಾರಕ್ಕೆ ಅಂಗೈ ಇಡುವ ಜಾಗ ಮಾತ್ರ ಹಳದಿ ಆಗಿದೆ. ಸ್ಟಿಕ್ಕರ್ ಇದ್ದ ಕಡೆ ಬಿಳಿ ಹಾಗೇ ಇದೆ. ಸೋಪಿನ ನೀರಲ್ಲಿ ಒರೆಸಿದರೂ ಹೋಗಿಲ್ಲ. ಗೀರು, ಪೆಟ್ಟು ಯಾವುದೂ ಇಲ್ಲ. ಮೇಲಿನ ಕೇಸ್ ಬದಲಿಸಿಕೊಡಿ." ಇಷ್ಟೇ. ಸಿಟ್ಟಿನ ಮಾತು ಒಂದೂ ಬೇಡ, ಆದರೆ ಒಂದು ಸಾಲನ್ನೂ ಬಿಡಬೇಡಿ.

ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಬಿಲ್ಲು, ಜಾಬ್ ಶೀಟ್ ಎರಡೂ ಕೈಯಲ್ಲಿರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷ ಅಂದರೆ ಗುಣಮಟ್ಟದಲ್ಲಿರುವ ಯಾವುದೇ ಕೊರತೆ ಅಂತ ಇದೆ. ಕೊನೆಗೆ ಗ್ರಾಹಕರ ದೂರು ವಿಚಾರಿಸುವ ಆಯೋಗಕ್ಕೆ ಹೋಗಬೇಕಾಗಿ ಬಂದರೂ ಬೆಂಗಳೂರಿಗೆ ಓಡಾಡಬೇಕಿಲ್ಲ, ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ, ಎರಡು ವರ್ಷ ಟೈಮ್ ಇದೆ. ಅಲ್ಲಿತನಕ ಹೋಗುವುದು ಬರಲಿಕ್ಕಿಲ್ಲ, ಕಾಗದ ಸರಿಯಿದ್ದರೆ ಸುಮಾರು ಜನ ಮೊದಲೇ ಬಗ್ಗುತ್ತಾರೆ.

ಭಾವ ಭಾನುವಾರ ಬೆಂಗಳೂರಿಗೆ ಬರುತ್ತೀರಿ ಅಂದಿದ್ದಿರಿ ಅಲ್ವಾ, ಲ್ಯಾಪ್‌ಟಾಪನ್ನೂ ಕಿತ್ತ ಆ ಸ್ಟಿಕ್ಕರನ್ನೂ ತನ್ನಿ. ಸ್ಟಿಕ್ಕರ್ ಬಿಸಾಕಿದ್ದರೂ ಪರವಾಗಿಲ್ಲ. ಫ್ಯಾಕ್ಟರಿ ಕಿಟಕಿ ಹತ್ತಿರ ನಮ್ಮ ಬಿಳಿ ಸ್ಯಾಂಪಲ್ ಪಕ್ಕ ಹಿಡಿದು ನಾನೇ ನೋಡುತ್ತೇನೆ. ಅಕ್ಕಾ, ನೀನು ಮಾತ್ರ ಈಗಲೇ ಪುಟ್ಟಿಗೆ ಫೋನ್ ಮಾಡು. ಮಾವ ಎಲ್ಲ ನೋಡಿದ್ದಾನೆ, ನಿನ್ನ ತಪ್ಪಿಲ್ಲ ಅಂದಿದ್ದಾನೆ ಅಂತ ಹೇಳು.