ಸಹಾಯ ಬೇಕು: ಹಳೆಯ ಮನೆಯ ಪರಿಸರಸ್ನೇಹಿ ನವೀಕರಣ ಮತ್ತು ಸುಣ್ಣದ ಗಾರೆ

ಎಲ್ಲರಿಗೂ ನಮಸ್ಕಾರ. ಸುಮಾರು 60 ವರ್ಷ ಹಳೆಯದಾದ ನಮ್ಮ ಮನೆಯನ್ನು ಕೆಡವದೆ, ಪರಿಸರಕ್ಕೆ ಆದಷ್ಟು ಕಡಿಮೆ ಹೊರೆಯಾಗುವಂತೆ ನವೀಕರಿಸಲು ತೀರ್ಮಾನಿಸಿದ್ದೇವೆ. ಕೆಲಸ ಆರಂಭಿಸುವ ಮೊದಲು ಅನುಭವವುಳ್ಳವರ ಸಲಹೆ ಬೇಕಾಗಿದೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಗೋಡೆಗಳ ವಿಚಾರ. ಇಟ್ಟಿಗೆ ಗೋಡೆಗಳಿಗೆ ಮೊದಲು ಸುಣ್ಣದ ಗಾರೆಯಿತ್ತು. ಕೆಲವು ವರ್ಷಗಳ ಹಿಂದೆ ಕೆಳಭಾಗಕ್ಕೆ ಸಿಮೆಂಟ್ ಗಿಲಾವು ಮಾಡಿಸಿದೆವು. ಅಂದಿನಿಂದ ನೆಲದ ತೇವವು ಹೊರಹೋಗಲು ದಾರಿಯಿಲ್ಲದೆ ಗಿಲಾವಿನ ಮೇಲಂಚಿನವರೆಗೂ ಏರಿ, ಅಲ್ಲಿ ಬಿಳಿಯ ಉಪ್ಪು ಪದರವಾಗಿ ಕಟ್ಟಿಕೊಂಡಿದೆ. ಬೆರಳಿನಿಂದ ಉಜ್ಜಿದರೆ ಬಣ್ಣದ ಸಮೇತ ಪುಡಿಯಾಗಿ ಉದುರುತ್ತದೆ. ಸಿಮೆಂಟ್ ತಯಾರಿಕೆಗೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಸುಣ್ಣಕ್ಕೆ 900 ಡಿಗ್ರಿಯ ಆಸುಪಾಸು ಸಾಕು. ಮೇಲಾಗಿ ಸುಣ್ಣದ ಗಾರೆಯು ಗಟ್ಟಿಯಾಗುವಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಸುಣ್ಣಕ್ಕೇ ಮರಳುವುದು ಸರಿಯೆಂಬುದು ನನ್ನ ದೃಢ ಅಭಿಪ್ರಾಯ. ಆದರೆ ಸಿಮೆಂಟನ್ನು ಕೆತ್ತಿ ತೆಗೆಯುವಾಗ ಇಟ್ಟಿಗೆಯ ಮೈ ಒಡೆಯದಂತೆ ನೋಡಿಕೊಳ್ಳುವುದು ಹೇಗೆ, ಹೊಸ ಗಾರೆ ಬಳಿಯುವ ಮುನ್ನ ಗೋಡೆಯನ್ನು ಎಷ್ಟು ಕಾಲ ಒಣಗಲು ಬಿಡಬೇಕು, ಉಪ್ಪು ಮತ್ತೆ ಬಾರದಂತೆ ಏನು ಮಾಡಬೇಕು ಎಂಬುದನ್ನು ಸ್ವತಃ ಮಾಡಿಸಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಮರದ ಬಾಗಿಲು ಕಿಟಕಿಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತೇವೆ. ಅವುಗಳ ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿದೆ, ಮನೆಯಲ್ಲಿ ಚಿಕ್ಕ ಮಗುವೂ ಇದೆ; ಆದ್ದರಿಂದ ಧೂಳೇಳದಂತೆ ಬಣ್ಣ ತೆಗೆಯುವ ವಿಧಾನ ಗೊತ್ತಿದ್ದವರು ಅದನ್ನೂ ಬರೆಯಬೇಕೆಂದು ಕೋರುತ್ತೇನೆ. ಸೌರಫಲಕಗಳನ್ನು ಹಾಕಿಸುವ ಯೋಚನೆಯೂ ಇದೆ, ಆದರೆ ಆ ಮಾತು ಗೋಡೆಗಳು ಒಣಗಿದ ಮೇಲೆ.