ಓಮ್ನಿ ಹಿಂದಿನ ಆಕ್ಸಲ್ ಮನೆ ಮುಂದೆಯೇ ಬದಲಾಯಿಸಬಹುದಾ? ಮಾಡಿದವರು ಹೇಳಿ

ಪ್ರಶ್ನೆ, ಕೊರಟಗೆರೆಯಿಂದ

ಎಲ್ಲರಿಗೂ ನಮಸ್ಕಾರ. ನನ್ನದು 2009ರ ಮಾರುತಿ ಓಮ್ನಿ. ಅಡುಗೆ ಕಂಟ್ರಾಕ್ಟ್ ಕೆಲಸ, ಹಂಡೆ, ಒಲೆ, ಸಿಲಿಂಡರ್ ಎಲ್ಲ ಅದರಲ್ಲೇ ಹೋಗಬೇಕು. ಈಗ ಸ್ವಲ್ಪ ದಿನದಿಂದ ಸ್ಪೀಡು 40 ದಾಟಿದರೆ ಹಿಂದಿನಿಂದ ಊಂ ಅಂತ ಸದ್ದು ಶುರು. ಎಡಗಡೆ ಬ್ರೇಕ್ ಡ್ರಮ್ ಒಳಗೆ ಆಯಿಲ್ ಬಂದು ಲೈನರ್, ಅಂದರೆ ಬ್ರೇಕ್ ಶೂ ಮೇಲಿನ ಉಜ್ಜುವ ಪಟ್ಟಿ, ನೆನೆದಿದೆ. ತೋರಿಸಿದ ಕಡೆ ಡಿಫರೆನ್ಷಿಯಲ್ (ಹಿಂದಿನ ಎರಡೂ ಚಕ್ರಕ್ಕೆ ಎಂಜಿನ್ ಬಲ ಹಂಚುವ ಗೇರ್ ಪೆಟ್ಟಿಗೆ) ಹೋಗಿದೆ, ಅದು ಕೂತಿರುವ ಪೂರ್ತಿ ಆಕ್ಸಲ್ ಹಾಕಿಸಿ ಅಂದರು. ಅವರು ಹೇಳಿದ ಕೂಲಿ ಕೇಳಿ ಸುಮ್ನೆ ಗಾಡಿ ವಾಪಸ್ ತಂದೆ. ಗುಜರಿಯಲ್ಲಿ ಒಂದು ಪೂರ್ತಿ ಆಕ್ಸಲ್ ಅಸೆಂಬ್ಲಿ ನೋಡಿಟ್ಟಿದ್ದೇನೆ. ನಾನು, ನನ್ನ ಭಾಮೈದ ಇಬ್ಬರೇ. ಬ್ರೇಕ್ ಶೂ ಹಾಕಿ ಅಭ್ಯಾಸ ಇದೆ, ಅದಕ್ಕಿಂತ ದೊಡ್ಡದು ಮುಟ್ಟಿಲ್ಲ. ಕೈ ಹಾಕಬಹುದಾ?

ತುಮಕೂರಿನಿಂದ

ಹಾಕಬಹುದು ಅಣ್ಣ. ನಮ್ಮ ಓಮ್ನಿಗೆ ನಾನೇ ಹಾಕಿದ್ದೇನೆ, ಆಮೇಲೆ ನಮ್ಮ ಬೀದಿಯ ಇನ್ನೊಂದು ಗಾಡಿಗೂ ಹಾಕಿದೆ. ಡಿಫರೆನ್ಷಿಯಲ್ ಬಿಚ್ಚಿ ಒಳಗಿನ ಕ್ರೌನ್ ಪಿನಿಯನ್ ಅನ್ನುವ ಜೋಡಿ ಗೇರ್ ಬದಲಾಯಿಸುವುದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಅದಕ್ಕೆ ಶಿಮ್ ಅನ್ನುವ ತೆಳು ತಗಡಿನ ಬಿಲ್ಲೆ ಇಡಬೇಕು, ಡಯಲ್ ಗೇಜ್ ಇಟ್ಟು ಹಲ್ಲಿನ ಸಂದು ಅಳೆಯಬೇಕು, ಕೂದಲೆಳೆಯಷ್ಟು ಆಚೀಚೆ ಆದರೂ ಹೊಸ ಗೇರೇ ಕೂಗೋಕೆ ಶುರು ಮಾಡುತ್ತದೆ. ಪೂರ್ತಿ ಆಕ್ಸಲ್ ಆದರೆ ಹಾಗಲ್ಲ, ಬರೀ ಬೋಲ್ಟ್ ಕೆಲಸ. ಕಷ್ಟ ಇರೋದು ಎತ್ತೋದು ಇಳಿಸೋದರಲ್ಲೂ ಅಲ್ಲ. ಗಾಡಿ ಉರುಳದಂತೆ ನಿಲ್ಲಿಸುವುದರಲ್ಲಿ, ಆಮೇಲೆ ಬ್ರೇಕಿನಲ್ಲಿ.

ಆದರೆ ದುಡ್ಡು ಕೊಡುವ ಮುಂಚೆ ಸದ್ದು ಎಲ್ಲಿಂದ ಬರುತ್ತಿದೆ ಅಂತ ನೀವೇ ನೋಡಿ. ಮೊದಲು ಹಿಂದಿನ ಟೈರುಗಳನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿ. ಏರುಪೇರಾಗಿ ಸವೆದ ಟೈರೂ ಹೀಗೇ ಊಂ ಅನ್ನುತ್ತದೆ, ಟೈರ್ ಮುಂದೆ ಹೋದಾಗ ಸದ್ದೂ ಮುಂದೆ ಹೋದರೆ ವಿಷಯ ಅಲ್ಲಿಗೆ ಮುಗಿಯಿತು. ಹೋಗಲಿಲ್ಲ ಅಂದರೆ ಖಾಲಿ ಇರುವ ನೇರ ರಸ್ತೆಗೆ ಹೋಗಿ. ಆಕ್ಸಿಲರೇಟರ್ ಒತ್ತಿದಾಗ ಒಂದು ಸದ್ದು, ಬಿಟ್ಟಾಗ ಇನ್ನೊಂದು ಸದ್ದು ಅಂದರೆ ಕ್ರೌನ್ ಪಿನಿಯನ್ ಕಡೆಯದು. ಒತ್ತಿದರೂ ಬಿಟ್ಟರೂ ಒಂದೇ ತರ ಇದ್ದು, ತಿರುವಿನಲ್ಲಿ ಮಾತ್ರ ಜಾಸ್ತಿ ಕಡಿಮೆ ಆಗುತ್ತಿದ್ದರೆ ವೀಲ್ ಬೇರಿಂಗ್. ಕ್ಲಚ್ ಬಿಡುವಾಗ ಟಕ್ ಅಂತ ಒಂದೇ ಏಟು ಕೇಳಿಸಿದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಬರುವ ಉದ್ದನೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ತುದಿಯ ಕೀಲು, ನೋಡಿ, ಆಕ್ಸಲ್ ಮುಟ್ಟಲೇ ಬೇಡಿ.

ಇನ್ನು ಡ್ರಮ್ಮಿಗೆ ಬಂದ ಆಯಿಲ್. ಆಕ್ಸಲ್ ಹೌಸಿಂಗ್ ಮೇಲೆ ಒಂದು ಪುಟ್ಟ ಬ್ರೀದರ್ ಇರುತ್ತೆ, ಒಳಗಿನ ಬಿಸಿ ಗಾಳಿ ಆಚೆ ಹೋಗೋಕೆ. ನಮ್ಮ ಕಡೆ ಮಣ್ಣು ರಸ್ತೆ, ಧೂಳು, ಮೇಲೆ ಹಳೇ ಗ್ರೀಸು, ಎಲ್ಲ ಸೇರಿ ಅದು ಸಿಮೆಂಟ್ ಹಾಕಿದ ಹಾಗೆ ಮುಚ್ಚಿಕೊಂಡಿರುತ್ತದೆ. ಗಾಳಿಗೆ ದಾರಿ ಇಲ್ಲ, ಒಳಗೆ ಒತ್ತಡ ಏರುತ್ತದೆ, ಆಯಿಲ್ ತನ್ನನ್ನು ತಡೆಯುವ ರಬ್ಬರ್ ಬಳೆ, ಅಂದರೆ ಸೀಲ್, ದಾಟಿ ಡ್ರಮ್ಮಿಗೆ ಬರುತ್ತದೆ. ಇದನ್ನು ನೋಡದೆ ಸೀಲ್ ಮೇಲೆ ಸೀಲ್ ಹಾಕಿಸುತ್ತಾ ಇರುವವರು ಬೇಕಾದಷ್ಟು ಜನ ಇದ್ದಾರೆ. ಒಂದು ತಂತಿ, ಸ್ವಲ್ಪ ಡೀಸೆಲ್ ಸಾಕು ಬಿಡಿಸೋಕೆ. ಹಾಗೇ ಫಿಲ್ಲರ್ ನಟ್ ಬಿಚ್ಚಿ ಬೆರಳು ಹಾಕಿ ನೋಡಿ. ಆಯಿಲ್ ಸೋರಿ ತಳ ಕಂಡಿದ್ದರೆ ಗೇರ್ ಯಾಕೆ ಕೂಗುತ್ತಿದೆ ಅಂತ ಗೊತ್ತಾಗುತ್ತದೆ. ಆಯಿಲ್‌ನಲ್ಲಿ ಬೆಳ್ಳಿ ಪುಡಿ ತರ ಸಣ್ಣದಾಗಿ ಮಿನುಗಿದರೆ ಅದು ಸವೆತ. ಚೂರು ಚೂರು ಲೋಹ ಬೆರಳಿಗೆ ಸಿಕ್ಕಿದರೆ ಹಲ್ಲು ಮುರಿದಿದೆ, ಆ ಗಾಡಿ ಓಡಿಸಬೇಡಿ.

ಗುಜರಿಯ ಅಸೆಂಬ್ಲಿ ತಗೊಳ್ಳುವಾಗಲೂ ಇದೇ ಪರೀಕ್ಷೆ ಮಾಡಿ. ಪಿನಿಯನ್ ಫ್ಲಾಂಜ್, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಆಗುವ ಬಿಲ್ಲೆ, ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಸುತ್ತುವ ದಿಕ್ಕಿನಲ್ಲಿ ಸ್ವಲ್ಪ ಸಡಿಲ ಇರೋದು ಸಹಜ, ಮೇಲೆ ಕೆಳಗೆ ಅಲುಗಬಾರದು. ಹೌಸಿಂಗ್ ಮೇಲೆ ವೆಲ್ಡಿಂಗ್ ಮಾಡಿದ ಗುರುತು ಇದ್ದರೆ ಬಿಟ್ಟು ಬನ್ನಿ. ಜಾಸ್ತಿ ಲೋಡು ಹೊತ್ತ ಗಾಡಿಯದು ಬಗ್ಗಿರುತ್ತದೆ. ಇನ್ನೊಂದು, ರೇಶಿಯೋ, ಅಂದರೆ ಎರಡೂ ಚಕ್ರ ಒಂದು ಸುತ್ತು ಬರೋಕೆ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನೋ ಲೆಕ್ಕ. ಒಂದು ಕಡೆ ಡ್ರಮ್ ಅಲುಗದ ಹಾಗೆ ಹಿಡಿದುಕೊಂಡು ಇನ್ನೊಂದು ಕಡೆಯದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಅಷ್ಟರಲ್ಲಿ ಪಿನಿಯನ್ ಫ್ಲಾಂಜ್ ಎಷ್ಟು ಸುತ್ತು ಬಂತು ಅಂತ ಎಣಿಸಿ. ಅದೇ ರೇಶಿಯೋ. ನಿಮ್ಮ ಗಾಡಿಯಲ್ಲೂ ಒಂದೇ ಹಿಂದಿನ ಚಕ್ರ ಎತ್ತಿ, ಮುಂದಿನ ಚಕ್ರಕ್ಕೆ ಕಟ್ಟೆ ಕೊಟ್ಟು, ನ್ಯೂಟ್ರಲ್‌ನಲ್ಲಿ ಹಾಗೇ ತಿರುಗಿಸಿ ಪ್ರೊಪೆಲ್ಲರ್ ಶಾಫ್ಟಿನ ಸುತ್ತು ಎಣಿಸಿ, ಎರಡೂ ಒಂದೇ ಇರಬೇಕು. ಓಮ್ನಿಗೆ ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸಿನಿಂದ ಬರುವುದರಿಂದ ರೇಶಿಯೋ ಬೇರೆ ಆದರೆ ಮೀಟರ್ ಸುಳ್ಳು ಹೇಳುತ್ತದೆ, ಪಿಕಪ್ಪೂ ಬದಲಾಗುತ್ತದೆ. ಕೊರಟಗೆರೆ, ತುಮಕೂರಿನಲ್ಲಿ ಒಳ್ಳೇದು ಸಿಗದಿದ್ದರೆ ಬೆಂಗಳೂರು ಶಿವಾಜಿನಗರದಲ್ಲಿ ಹಳೇ ಸ್ಪೇರ್, ಜೆ.ಸಿ. ರೋಡಿನಲ್ಲಿ ಹೊಸ ಸೀಲು ಬೇರಿಂಗು. ಎಲ್ಲಿ ತಗೊಂಡರೂ ಬಿಲ್ ಇಸ್ಕೊಳ್ಳಿ, ಹಳೇ ಸ್ಪೇರಿಗೆ ಇದು ಮುಖ್ಯ.

ತಂದ ಆಕ್ಸಲ್ ನೆಲದ ಮೇಲೆ ಇರುವಾಗಲೇ ಎರಡೂ ಕಡೆ ಸೀಲ್, ಬ್ರೇಕ್ ಶೂ ಹೊಸದು ಹಾಕಿ. ವೀಲ್ ಸಿಲಿಂಡರಿನ ರಬ್ಬರ್ ಎತ್ತಿ ನೋಡಿ, ಒದ್ದೆ ಇದ್ದರೆ ಅದೂ ಹೋಗಿದೆ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಹಾಕ್ತೀನಿ ಅನ್ನಬೇಡಿ, ಒಳಗೆ ಹೀರಿಕೊಂಡಿರುತ್ತದೆ, ಬಿಸಿಯಾದ ಮೇಲೆ ಮತ್ತೆ ಜಾರುತ್ತದೆ. ಬೇರಿಂಗ್ ಮಾತ್ರ ಶಾಫ್ಟಿಗೆ ಒತ್ತಿ ಕೂರಿಸಿರುತ್ತಾರೆ, ಸುತ್ತಿಗೆಯಲ್ಲಿ ಬರಲ್ಲ. ಲೇತ್ ಅಂಗಡಿಗೆ ಕೊಡಿ, ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾ ಕಡೆ ಹುಡುಕಿದರೆ ಪ್ರೆಸ್ ಇರುವವರು ಸಿಗುತ್ತಾರೆ.

ಈಗ ಜೀವಕ್ಕೆ ಸಂಬಂಧಿಸಿದ ಮಾತು. ಓಮ್ನಿಗೆ ಹ್ಯಾಂಡ್ ಬ್ರೇಕ್ ಹಿಡಿಯೋದು ಹಿಂದಿನ ಚಕ್ರಕ್ಕೆ. ಗೇರಿನಲ್ಲಿ ಹಾಕಿ ನಿಲ್ಲಿಸಿದರೂ ಅದು ತಡೆಯೋದು ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಚಕ್ರವನ್ನೇ. ನೀವು ಆಕ್ಸಲ್ ಬಿಚ್ಚಿದ ಕ್ಷಣದಿಂದ ಎರಡೂ ಇಲ್ಲ. ಗಾಡಿ ಮುಂದಿನ ಎರಡು ಚಕ್ರದ ಮೇಲೆ ಕೈಗಾಡಿ ತರ ನಿಂತಿರುತ್ತೆ. ಅದಕ್ಕೇ ಜಾಕ್ ಏರಿಸುವ ಮುಂಚೆ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ಕಟ್ಟೆ ಬಿಗಿಯಾಗಿ ಹೊಡೆದಿರಬೇಕು. ಜಾಕ್ ಸ್ಟ್ಯಾಂಡ್ ಚಾಸಿ ಕೆಳಗೆ ಇಡಬೇಕು, ಆಕ್ಸಲ್ ಕೆಳಗಲ್ಲ, ಇಳಿಸೋದೇ ಅದನ್ನ ಅಲ್ವಾ. ಸ್ಟ್ಯಾಂಡ್ ಇಲ್ಲ ಅಂತ ಸಿಮೆಂಟ್ ಇಟ್ಟಿಗೆ ಜೋಡಿಸಬೇಡಿ, ಅದು ಬಿರುಕು ಬಿಡೋಕೆ ಮುಂಚೆ ನಿಮಗೆ ಹೇಳಿ ಬಿಡಲ್ಲ. ಸೈಜುಗಲ್ಲೂ ಬೇಡ, ಒಂದರ ಮೇಲೊಂದು ಜಾರುತ್ತದೆ. ಎರಡು ಸ್ಟ್ಯಾಂಡ್, ಒಂದು ದೊಡ್ಡ ಜಾಕ್ ಯಾರ ಹತ್ತಿರವಾದರೂ ಬಾಡಿಗೆಗೆ ತನ್ನಿ. ಬಿಚ್ಚಿದ ಚಕ್ರಗಳನ್ನು ಚಾಸಿ ಕೆಳಗೆ ಮಲಗಿಸಿಡಿ.

ಬಿಚ್ಚುವ ಹಿಂದಿನ ಸಂಜೆಯೇ ಆಕ್ಸಲನ್ನು ಕಮಾನ್ ಪಟ್ಟಿಗೆ (ಗಾಡಿ ಭಾರ ಹೊರುವ ಬಾಗಿದ ಸ್ಪ್ರಿಂಗ್ ಪಟ್ಟಿ) ಕಟ್ಟಿ ಹಿಡಿಯುವ ಯೂ ಬೋಲ್ಟ್, ಬ್ರೇಕ್ ಪೈಪ್ ನಟ್, ಶಾಕ್ ಅಬ್ಸಾರ್ಬರ್ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬ್ರೇಕ್ ಪೈಪಿನ ನಟ್ ಮೆತ್ತಗಿರುತ್ತೆ, ಓಪನ್ ಸ್ಪ್ಯಾನರ್ ಹಾಕಿ ಜಗ್ಗಿದರೆ ಮೂಲೆ ಹೋಗಿ ಗುಂಡಗಾಗುತ್ತದೆ. ಪೈಪ್ ನಟ್ಟಿಗೆ ಅಂತಲೇ ಬಾಯಿ ಸೀಳಿದ ರಿಂಗ್ ಸ್ಪ್ಯಾನರ್ ಬರುತ್ತೆ, ಅದೊಂದು ಕೊಂಡುಕೊಳ್ಳಿ. ಪ್ರೊಪೆಲ್ಲರ್ ಶಾಫ್ಟ್ ಮತ್ತು ಫ್ಲಾಂಜ್ ಎರಡಕ್ಕೂ ಸೇರಿಸಿ ಒಂದು ಗೀಟು ಪೇಂಟ್ ಎಳೆಯಿರಿ, ಹೊಸ ಆಕ್ಸಲ್‌ಗೆ ಈ ಗುರುತು ಬರಲ್ಲ, ಆದರೆ ಏನೋ ಹೊಂದದೆ ಹಳೆಯದನ್ನೇ ವಾಪಸ್ ಹಾಕಬೇಕಾಗಿ ಬಂದರೆ ಬೇಕಾಗುತ್ತದೆ. ಕೆಳಗೆ ಜಾಕ್ ಕೊಟ್ಟು ಆಕ್ಸಲ್ ಭಾರ ಹೊತ್ತ ಮೇಲೇ ಯೂ ಬೋಲ್ಟ್ ಬಿಚ್ಚಿ. ಒಬ್ಬರು ಜಾಕ್ ಇಳಿಸಬೇಕು, ಇನ್ನೊಬ್ಬರು ಓಲಾಡದಂತೆ ಹಿಡಿಯಬೇಕು. ಬ್ರೇಕ್ ಹೋಸ್, ಹ್ಯಾಂಡ್ ಬ್ರೇಕ್ ಕೇಬಲ್ ಎರಡೂ ಬಿಚ್ಚಿದ್ದೀರಾ ಅಂತ ಇಳಿಸುವ ಮುಂಚೆ ಇನ್ನೊಮ್ಮೆ ನೋಡಿ.

ಕೋಲಾರದಿಂದ

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಮ್ಮದು ಬೊಲೆರೊ ಪಿಕಪ್, ಎಪಿಎಂಸಿಗೆ ಟೊಮೆಟೊ ಹೊಡೆಯೋದು. ಅದರ ಆಕ್ಸಲ್ ಓಮ್ನಿಯದಕ್ಕಿಂತ ತುಂಬಾ ಭಾರ, ಇಬ್ಬರಲ್ಲಿ ಆಗುವ ಕೆಲಸ ಅಲ್ಲ ಅಂತ ಅದನ್ನ ಇಟ್ಟುಕೊಂಡಿರುವವರಿಗೆ ಹೇಳಿಬಿಡ್ತೀನಿ. ನಾನು ಸೇರಿಸೋದು ಕಮಾನ್ ಪಟ್ಟಿ ವಿಷಯ. ಪಟ್ಟಿ ಕಟ್ಟಿನ ನಡುವಿನ ಸೆಂಟರ್ ಬೋಲ್ಟ್ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಸರಿಯಾಗಿ ಕೂರಬೇಕು. ಕೂರದೇ ಯೂ ಬೋಲ್ಟ್ ಬಿಗಿದರೆ ಆಕ್ಸಲ್ ಸೊಟ್ಟ ನಿಲ್ಲುತ್ತದೆ, ಗಾಡಿ ನಾಯಿ ಓಡಿದಂಗೆ ಅಡ್ಡಡ್ಡ ಓಡುತ್ತದೆ. ಹಳೇ ಯೂ ಬೋಲ್ಟ್ ಮತ್ತೆ ಹಾಕಬೇಡಿ, ಒಂದು ಸಲ ಬಿಗಿದು ಎಳೆದಿರುತ್ತದೆ, ಹೊಸದಕ್ಕೇನು ಮಹಾ ದುಡ್ಡಲ್ಲ. ನಾಲ್ಕು ನಟ್ ಅಡ್ಡಡ್ಡ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಬನ್ನಿ. ಕೊನೇ ಬಿಗಿ ಗಾಡಿ ಚಕ್ರದ ಮೇಲೆ ನಿಂತ ಮೇಲೆ. ಪಟ್ಟಿ ಬುಷ್ ಬೋಲ್ಟೂ ಹಾಗೇ, ನೇತಾಡುವಾಗ ಬಿಗಿದರೆ ಗಾಡಿ ಇಳಿದಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಮತ್ತೆ ಅಡುಗೆ ಪಾತ್ರೆ ಹೊರುತ್ತೆ ಅಂದ್ರಲ್ಲ, ಬಿಚ್ಚಿದ್ದೇ ಬಿಚ್ಚಿದ್ದು ಒಂದು ಎಕ್ಸ್‌ಟ್ರಾ ಪಟ್ಟಿ ಹಾಕಿಬಿಡೋಣ ಅಂತ ಯಾರಾದರೂ ಅಂದರೆ ಕೇಳಬೇಡಿ. ಹಿಂಭಾಗ ಎತ್ತರ ಆಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಓರೆ ಬದಲಾಗುತ್ತದೆ, ಕ್ರಾಸ್ ಬೇಗ ಸವೆದು ಗಾಡಿ ನಡುಗೋಕೆ ಶುರು. ಲೋಡು ಕಮ್ಮಿ ಹಾಕಿ, ಎರಡು ಟ್ರಿಪ್ ಹೊಡೀರಿ.

ಚಿಂತಾಮಣಿಯಿಂದ

ಓಮ್ನಿ ಬಗ್ಗೆ ನನಗೆ ಗೊತ್ತಿಲ್ಲ ಸಾರ್. ಆದರೆ ಇದನ್ನ ಸ್ವಿಫ್ಟ್ ಇರುವವರೂ ಓದಿ ಡಿಫರೆನ್ಷಿಯಲ್ ಹುಡುಕೋಕೆ ಹೋಗ್ತಾರೆ ಅಂತ ಹೇಳ್ತಿದ್ದೀನಿ. ಮುಂದಿನ ಚಕ್ರಕ್ಕೆ ಡ್ರೈವ್ ಇರುವ ಕಾರಿಗೆ ಹಿಂದೆ ಗೇರೂ ಇಲ್ಲ, ಆಯಿಲೂ ಇಲ್ಲ, ಇರೋದು ಬರೀ ಬೀಮ್, ಎರಡು ಚಕ್ರ ಜೋಡಿಸುವ ಕಬ್ಬಿಣದ ತೊಲೆ. ನಮ್ಮ ಸ್ವಿಫ್ಟಿಗೆ ಹಿಂದಿನ ಒಂದು ಟೈರ್ ಒಳಗಡೆಯಿಂದ ಸವೆಯುತ್ತಿತ್ತು, ಅಲೈನ್‌ಮೆಂಟ್ ಮಿಷನ್‌ಗೆ ಹಾಕಿದಾಗ ಬೀಮೇ ಬಗ್ಗಿದೆ ಅಂತ ಗೊತ್ತಾಯಿತು. ಹಿಂದೆ ಅಡ್ಜಸ್ಟ್ ಮಾಡೋಕೆ ಏನೂ ಇರಲ್ಲ, ಬದಲಾಯಿಸಬೇಕು ಅಷ್ಟೇ. ಇದರಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಶಾಕ್ ಬಿಚ್ಚುವ ಮುಂಚೆ ಬೀಮ್ ಕೆಳಗೆ ಜಾಕ್ ಇರಲೇಬೇಕು, ಆಮೇಲೆ ನಿಧಾನ ಇಳಿಸಿದರೆ ಸ್ಪ್ರಿಂಗ್ ತಾನೇ ಸಡಿಲ ಆಗಿ ಕೈಗೆ ಬರುತ್ತದೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗೆ ಚಕ್ರದ ಸೆನ್ಸರ್ ವೈರ್ ಮರೆಯಬೇಡಿ, ಬೀಮ್ ಇಳಿಸುವಾಗ ಕಿತ್ತುಕೊಂಡು ಬಂದರೆ ಅದರದ್ದೇ ಬೇರೆ ಖರ್ಚು.

ಕೊರಟಗೆರೆಯಿಂದ ಮತ್ತೆ

ತುಂಬಾ ಥ್ಯಾಂಕ್ಸ್ ಅಣ್ಣಂದಿರಾ. ಟೈರ್ ಅದಲು ಬದಲು ಮಾಡಿದೆ, ಸದ್ದು ಹಿಂದೆಯೇ ಇದೆ. ಆಕ್ಸಿಲರೇಟರ್ ಬಿಟ್ಟರೆ ಸದ್ದಿನ ದನಿಯೇ ಬದಲಾಗುತ್ತದೆ. ಫಿಲ್ಲರಿನಲ್ಲಿ ಬೆರಳು ಹಾಕಿದರೆ ಆಯಿಲೇ ಸಿಗಲಿಲ್ಲ, ಬ್ರೀದರ್ ಎಲ್ಲಿದೆ ಅಂತ ಕಂಡುಹಿಡಿಯೋಕೇ ಕೆರೆಯಬೇಕಾಯಿತು. ಹಾಗಾಗಿ ಅಸೆಂಬ್ಲಿ ಹಾಕೋದು ಅಂತ ತೀರ್ಮಾನ. ಎರಡು ವಿಷಯ ಕೇಳಬೇಕು. ಮನೆ ಮುಂದೆ ಮಣ್ಣು ನೆಲ, ನಡೆಯುತ್ತದಾ? ಬ್ರೇಕ್ ಪೈಪಿನಲ್ಲಿ ಸೇರಿದ ಏರ್ ತೆಗೆಯೋದು ನಾವೇ ಮಾಡಬಹುದಾ, ಇಲ್ಲ ಗ್ಯಾರೇಜಿಗೆ ಒಯ್ಯಲಾ?

ತುಮಕೂರಿನಿಂದ

ಮಣ್ಣು ನೆಲ ಬೇಡ ಅಂತಲೇ ಹೇಳ್ತೀನಿ. ಕಾಂಕ್ರೀಟ್ ಹಾಕಿದ ಕಣ ಇದ್ದವರ ಮನೆಗೆ ಹೋಗಿ, ಒಂದು ಭಾನುವಾರ ಬಿಟ್ಟುಕೊಡ್ತಾರೆ. ಬೇರೆ ದಾರಿಯೇ ಇಲ್ಲ ಅಂದರೆ ನೆಲ ಗಟ್ಟಿಯಾಗಿ, ಸಮವಾಗಿ ಇರಬೇಕು, ಸ್ಟ್ಯಾಂಡಿನ ಕೆಳಗೆ ದಪ್ಪ ಅಗಲ ಮರದ ಹಲಗೆ ಹಾಕಬೇಕು, ಮಳೆ ಬಿದ್ದ ಮಾರನೇ ದಿನ ಅಂತೂ ಮಾಡಲೇಬಾರದು. ಕಲ್ಲು ಚಪ್ಪಡಿ ಹಾಕ್ತೀವಿ ಅನ್ನಬೇಡಿ, ಒಂದೇ ಕಡೆ ಭಾರ ಬಿದ್ದರೆ ಸೀಳುತ್ತದೆ. ಗಾಡಿ ಸ್ಟ್ಯಾಂಡ್ ಮೇಲೆ ಕೂತ ಮೇಲೆ, ಕೆಳಗೆ ಹೋಗುವ ಮುಂಚೆ ಆಚೆ ನಿಂತು ಜೋರಾಗಿ ತಳ್ಳಿ ನೋಡಿ. ಬೀಳೋದಿದ್ದರೆ ಆಗಲೇ ಬೀಳಲಿ.

ಏರ್ ತೆಗೆಯೋದು ನೀವೇ ಮಾಡಬಹುದು, ಇಬ್ಬರು ಬೇಕು ಅಷ್ಟೇ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ, ಗುಳ್ಳೆ ಬಂದ ಮೇಲೆ ಬಿಗಿದು, ಆಮೇಲೆ ಪೆಡಲ್ ಬಿಡು ಅನ್ನಬೇಕು. ನಿಪ್ಪಲ್ ತೆರೆದಿರುವಾಗ ಪೆಡಲ್ ಬಿಟ್ಟರೆ ಗಾಳಿ ವಾಪಸ್ ಒಳಗೆ. ಮಧ್ಯೆ ಮಧ್ಯೆ ಮೇಲಿನ ಡಬ್ಬಿ ಖಾಲಿಯಾಗದಂತೆ ನೋಡ್ಕೊಳ್ಳಿ, ಯಾವ ಬ್ರೇಕ್ ಆಯಿಲ್ ಅಂತ ಅದರ ಮುಚ್ಚಳದ ಮೇಲೇ ಬರೆದಿರುತ್ತದೆ. ಅದು ಬಾಡಿ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ, ಪೇಂಟ್ ತಿಂದುಹಾಕುತ್ತದೆ. ಕೆಲವು ಗಾಡಿಗೆ ಲೋಡು ನೋಡಿಕೊಂಡು ಹಿಂದಿನ ಬ್ರೇಕ್ ಹೊಂದಿಸುವ ವಾಲ್ವ್ ಇರುತ್ತೆ, ಅದರ ಸ್ಪ್ರಿಂಗ್ ಆಕ್ಸಲ್‌ಗೆ ಸಿಕ್ಕಿಸಿರುತ್ತಾರೆ. ನಿಮ್ಮದಕ್ಕೆ ಇದ್ದರೆ ಬಿಚ್ಚುವ ಮುಂಚೆ ಫೋಟೋ ತೆಗೆದು, ಹಾಗೇ ಸಿಕ್ಕಿಸಿ. ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತಿದ್ದರೆ ಗಾಡಿ ಗೇಟು ದಾಟಿಸಬೇಡಿ. ಆಗ ಮೆಕ್ಯಾನಿಕ್‌ನ ಮನೆಗೇ ಕರೆಸಿ, ಅಷ್ಟಕ್ಕೆ ಮಾತ್ರ ಕೂಲಿ ಕೊಡಿ.

ಗೇರ್ ಆಯಿಲ್ 90 ನಂಬರ್, ಜಿಎಲ್-5 ಅಂತ ಡಬ್ಬದ ಮೇಲೆ ಇರಬೇಕು. ಗಾಡಿ ಸಮ ನೆಲದಲ್ಲಿ ನಿಂತಾಗ ಫಿಲ್ಲರ್ ತೂತಿನ ಅಂಚಿನಿಂದ ತೊಟ್ಟಿಕ್ಕುವವರೆಗೆ ಹಾಕಿ, ಅದಕ್ಕಿಂತ ಜಾಸ್ತಿ ತುಂಬಿದರೆ ಮತ್ತೆ ಡ್ರಮ್ಮಿಗೇ ಬರುತ್ತದೆ. ಮೊದಲ ಓಟ ಪಾತ್ರೆ ಇಲ್ಲದೆ, ಊರೊಳಗೇ. ವಾಪಸ್ ಬಂದು ಎರಡೂ ಡ್ರಮ್ ಹತ್ತಿರ ಕೈ ಹಿಡಿದು ನೋಡಿ, ಒಂದು ಬಿಸಿ ಒಂದು ತಣ್ಣಗೆ ಇದ್ದರೆ ಶೂ ಅಡ್ಜಸ್ಟ್ ಸರಿ ಇಲ್ಲ. ಮೊದಲ ಲೋಡು ಹೊತ್ತು ಬಂದ ಮೇಲೆ ಯೂ ಬೋಲ್ಟ್ ಇನ್ನೊಮ್ಮೆ ಬಿಗಿಯಿರಿ, ಖಂಡಿತ ಸ್ವಲ್ಪ ತಿರುಗುತ್ತದೆ. ಬೇಕಿದ್ದರೆ ನನ್ನ ಎರಡು ಸ್ಟ್ಯಾಂಡ್ ಇವೆ, ತುಮಕೂರಿಗೆ ಬಂದಾಗ ತಗೊಂಡು ಹೋಗಿ.